ಅಮ್ಮನಿಗೆ ಆಪರೇಷನ್ ಅಂದಾಗ: ವಯಸ್ಸಾದವರ ಶಸ್ತ್ರಚಿಕಿತ್ಸೆ, ಐಸಿಯು ತೀರ್ಮಾನವನ್ನು ಕೂತು ಮಾತಾಡಿ ಮಾಡುವುದು ಹೇಗೆ

ಅಮ್ಮನಿಗೆ ಆಗ 83. ಬೆಳಗಿನ ಜಾವ ಬಚ್ಚಲಿಗೆ ಹೋಗುವಾಗ ಜಾರಿ ಬಿದ್ದರು. ಎಕ್ಸ್‌ರೇ ನೋಡಿದ ಡಾಕ್ಟರು, "ಸೊಂಟದ ಹತ್ತಿರ ತೊಡೆ ಮೂಳೆ ಮುರಿದಿದೆ, ಆಪರೇಷನ್ ಆಗಬೇಕು" ಅಂದರು. ಹತ್ತೇ ನಿಮಿಷದಲ್ಲಿ ನರ್ಸ್ ಒಪ್ಪಿಗೆ ಪತ್ರ ತಂದು ನನ್ನ ಕೈಗಿಟ್ಟರು. ಅಮ್ಮ ಎರಡಡಿ ದೂರದಲ್ಲಿ ಸ್ಟ್ರೆಚರ್ ಮೇಲೆ ಪೂರ್ತಿ ಎಚ್ಚರವಾಗಿದ್ದರು. ಅವರನ್ನು ಯಾರೂ ಏನೂ ಕೇಳಿರಲಿಲ್ಲ.

ಅದಕ್ಕೆ ನಾಲ್ಕು ವರ್ಷ ಮೊದಲು ಅಪ್ಪನಿಗೂ ಹೀಗೇ ಒಂದು ಹಾಳೆ ಬಂದಿತ್ತು. ಹೊಟ್ಟೆಯ ಆಪರೇಷನ್. "ಏನಾದ್ರೂ ಮಾಡಿ ಉಳಿಸಿ ಡಾಕ್ಟ್ರೇ" ಅಂದೆವು, ಸಹಿ ಹಾಕಿದೆವು. ಅಪ್ಪ 17 ದಿನ ಐಸಿಯುನಲ್ಲಿದ್ದರು. ಬಾಯೊಳಗೆ ನಳಿಗೆ, ಅದನ್ನು ಕಿತ್ತುಕೊಳ್ಳಬಾರದು ಅಂತ ಎರಡೂ ಕೈ ಮಂಚಕ್ಕೆ ಕಟ್ಟಿದ್ದರು. ನಾನು ಹೋದಾಗಲೆಲ್ಲ ಕಣ್ಣಲ್ಲೇ ಏನೋ ಕೇಳುತ್ತಿದ್ದರು. ಏನು ಕೇಳುತ್ತಿದ್ದರು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಮಾತಾಡಲು ಆಗುತ್ತಿದ್ದ ದಿನಗಳಲ್ಲಿ ನಾವು ಅವರನ್ನು ಕೇಳಿರಲಿಲ್ಲ.

ಅಮ್ಮನ ವಿಷಯದಲ್ಲಿ ಹಾಗಾಗಬಾರದು ಅಂತ ಆ ದಿನ ನಾನು ಕಲಿತದ್ದು, ಆಮೇಲೆ ಓದಿ, ಡಾಕ್ಟರುಗಳನ್ನು ಕೇಳಿ ತಿಳಿದದ್ದು ಇಲ್ಲಿದೆ. ನಾನು ವೈದ್ಯನಲ್ಲ. ಯಾವ ಚಿಕಿತ್ಸೆ ಸರಿ ಅಂತ ಹೇಳಲು ಬಂದಿಲ್ಲ. ಚಿಕಿತ್ಸೆ ಮುಗಿದ ಮೇಲೆ ಆ ಹಿರಿಯರ ದಿನ ಹೇಗಿರುತ್ತದೆ ಅಂತ ಡಾಕ್ಟರನ್ನು ಕೇಳಬೇಕು. ಅಂಥ ದಿನ ಅವರಿಗೆ ಬೇಕಾ ಅಂತ ಅವರನ್ನೇ ಕೇಳಬೇಕು. ಈ ಎರಡು ಉತ್ತರ ಒಂದೇ ಕೋಣೆಯಲ್ಲಿ ಭೇಟಿಯಾಗುವ ಹಾಗೆ ಮಾಡುವುದು ನಮ್ಮ ಕೆಲಸ.

ಹೆಜ್ಜೆ 1: ಎಷ್ಟು ಹೊತ್ತಿದೆ ಅಂತ ಮೊದಲು ಕೇಳಿ

ಆಸ್ಪತ್ರೆಯಲ್ಲಿ ಎಲ್ಲವೂ ಈಗಲೇ ಆಗಬೇಕು ಅನ್ನಿಸುತ್ತದೆ. ನಿಜವಾಗಿ ಹಾಗಿರುವುದು ಕೆಲವೇ ಸಲ. ಕರುಳು ತೂತಾಗಿದ್ದರೆ ಗಂಟೆಗಳ ಲೆಕ್ಕ. ಮಂಡಿ ಬದಲಾಯಿಸುವುದು, ನೋವಿಲ್ಲದ ಹರ್ನಿಯಾ, ಇಂಥವಕ್ಕೆ ವಾರ, ತಿಂಗಳು ಯೋಚಿಸಬಹುದು. ಸೊಂಟದ ಮುರಿತ ಇವೆರಡರ ನಡುವಿನದು. ಅದನ್ನು ಒಂದೆರಡು ದಿನದೊಳಗೆ ಮಾಡುವುದು ಒಳ್ಳೆಯದು ಅಂತ ವೈದ್ಯರು ಒಪ್ಪುತ್ತಾರೆ. ಇನ್ನೂ ಬೇಗ ಮಾಡಿದರೆ ಜಾಸ್ತಿ ಜನ ಉಳಿಯುತ್ತಾರಾ ಅಂತ ಭಾರತವೂ ಸೇರಿ 17 ದೇಶಗಳಲ್ಲಿ ಒಂದು ದೊಡ್ಡ ಅಧ್ಯಯನ ನಡೆಯಿತು. ಫಲಿತಾಂಶ 2020ರಲ್ಲಿ ಬಂತು. ಆರು ಗಂಟೆಯೊಳಗೆ ಮಾಡಿಬಿಡಬೇಕು ಅಂತ ಹೊರಟ ಗುಂಪಿಗೂ, ಸುಮಾರು ಒಂದು ದಿನ ಕಾದ ಗುಂಪಿಗೂ ಸಾವಿನ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅಂದರೆ ಒಂದು ರಾತ್ರಿ ಮನೆಯವರೆಲ್ಲ ಕೂತು ಮಾತಾಡಲು ಸಮಯ ಇದೆ. "ಮೊದಲು ಕಟ್ಟು ಹಾಕಿಸಿ ನೋಡೋಣ" ಅಂತ ವಾರಗಟ್ಟಲೆ ತಳ್ಳಲು ಮಾತ್ರ ಸಮಯ ಇಲ್ಲ. ಕೈ ಮುರಿತಕ್ಕೆ ಕಟ್ಟು ಹಾಕಿಸಿದ ಅನುಭವವನ್ನು ಸೊಂಟಕ್ಕೆ ತರಬೇಡಿ.

ಕೇಳುವ ಮಾತು ಇಷ್ಟೇ: "ಡಾಕ್ಟ್ರೇ, ನಾಳೆ ಬೆಳಿಗ್ಗೆ ಹೇಳಿದರೆ ತೊಂದರೆ ಇದೆಯಾ? ಅಲ್ಲಿಯವರೆಗೆ ನೋವು ಕಡಿಮೆ ಮಾಡಲು ಏನು ಕೊಡುತ್ತೀರಿ?" ಎರಡನೆಯ ಪ್ರಶ್ನೆ ಮರೆಯಬೇಡಿ. ನೋವಿನಲ್ಲಿ ಒದ್ದಾಡುವವರ ಹತ್ತಿರ ಅವರ ಇಷ್ಟ ಕೇಳಲು ಆಗುವುದಿಲ್ಲ.

ಹೆಜ್ಜೆ 2: ತಿಂಗಳ ಹಿಂದೆ ಹೇಗಿದ್ದರು ಅಂತ ಬರೆದುಕೊಳ್ಳಿ

ಡಾಕ್ಟರು ಮಂಚದ ಮೇಲಿರುವ ಅಮ್ಮನನ್ನು ಮಾತ್ರ ನೋಡಿರುತ್ತಾರೆ. ಬೀಳುವ ಮೊದಲಿನ ಅಮ್ಮ ನಿಮಗೆ ಗೊತ್ತು. ಆಪರೇಷನ್ ಆದ ಮೇಲೆ ಏನಾಗುತ್ತದೆ ಅನ್ನುವುದನ್ನು ವಯಸ್ಸಿಗಿಂತ ಈ ಹಿಂದಿನ ಸ್ಥಿತಿಯೇ ಜಾಸ್ತಿ ಹೇಳುತ್ತದೆ. ಕೆನಡಾದ ಕೆನೆತ್ ರಾಕ್‌ವುಡ್ ಎಂಬ ವೈದ್ಯರು ವಯಸ್ಸಾದ ದೇಹ ಎಷ್ಟು ಸೊರಗಿದೆ ಅಂತ ನೋಡಲು ಒಂದು ಅಳತೆ ಮಾಡಿದ್ದಾರೆ. 1ರಿಂದ 9ರವರೆಗೆ ಅಂಕ. 1 ಅಂದರೆ ಗಟ್ಟಿಮುಟ್ಟು. ಐದರ ಹೊತ್ತಿಗೆ ಪೇಟೆ ಕೆಲಸ, ಅಡುಗೆ, ಮಾತ್ರೆ ಲೆಕ್ಕಕ್ಕೆ ಯಾರಾದರೂ ಬೇಕು. ಆರಕ್ಕೆ ಸ್ನಾನಕ್ಕೂ ಸಹಾಯ ಬೇಕು. ಏಳಕ್ಕೆ ಎಲ್ಲಕ್ಕೂ ಇನ್ನೊಬ್ಬರು. ಒಂಬತ್ತು ಅಂದರೆ ಬದುಕಿನ ಕೊನೆಯ ಕೆಲವು ತಿಂಗಳು.

ನೀವು ಅಂಕ ಹಾಕುವ ಅಗತ್ಯವಿಲ್ಲ. ಒಂದು ಹಾಳೆಯಲ್ಲಿ ಬರೆಯಿರಿ: ಮನೆಯೊಳಗೆ ಹಿಡಿದುಕೊಳ್ಳದೆ ನಡೆಯುತ್ತಿದ್ದರಾ? ತಾವೇ ಸ್ನಾನ ಮಾಡುತ್ತಿದ್ದರಾ? ಈ ವರ್ಷ ಎಷ್ಟು ಸಲ ಬಿದ್ದರು? ತೂಕ ಇಳಿದಿದೆಯಾ, ಸೀರೆ ಕುಪ್ಪಸ ಸಡಿಲವಾಗಿದೆಯಾ? ಒಲೆ ಮೇಲೆ ಹಾಲಿಟ್ಟು ಮರೆಯುತ್ತಿದ್ದರಾ? ಮೊಮ್ಮಕ್ಕಳ ಹೆಸರು ತಪ್ಪುತ್ತಿದ್ದರಾ? ಇದರ ಜೊತೆ ತಿನ್ನುವ ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ರಕ್ತ ತೆಳು ಮಾಡುವ ಮಾತ್ರೆ ಇದ್ದರೆ ಕೇಳುವ ಮೊದಲೇ ಹೇಳಿ.

ನಿಜವನ್ನೇ ಬರೆಯಿರಿ. "ಚೆನ್ನಾಗೇ ಇದ್ರು ಡಾಕ್ಟ್ರೇ" ಅನ್ನುವುದು ಪ್ರೀತಿಯ ಮಾತು. ಆದರೆ ಅದನ್ನು ನಂಬಿ ಡಾಕ್ಟರು ಹಾಕುವ ಅಂದಾಜು ತಪ್ಪಾಗುತ್ತದೆ.

ಹೆಜ್ಜೆ 3: ಅವರನ್ನೇ ಕೇಳಿ

ಇದು ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ. ನಾವು ಬಿಟ್ಟುಬಿಡುವುದೂ ಇದನ್ನೇ. "ಅವರಿಗೆ ಯಾಕೆ ಗಾಬರಿ ಮಾಡೋದು" ಅಂತ ಬಾಗಿಲ ಹೊರಗೆ ಪಿಸುಗುಟ್ಟುತ್ತೇವೆ. ಒಳಗೆ ಮಲಗಿದವರಿಗೆ ಆ ಪಿಸುಮಾತಿನಿಂದಲೇ ಗಾಬರಿಯಾಗಿರುತ್ತದೆ.

ಕಾನೂನು ಇಲ್ಲಿ ಸ್ಪಷ್ಟವಾಗಿದೆ. ಸಮೀರಾ ಕೊಹ್ಲಿ ಪ್ರಕರಣದಲ್ಲಿ 2008ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ. ಅಲ್ಲಿ ಅರಿವಳಿಕೆಯಲ್ಲಿದ್ದ ರೋಗಿಯ ಪರವಾಗಿ ತಾಯಿಯ ಒಪ್ಪಿಗೆ ಪಡೆದು ಇನ್ನೊಂದು ಆಪರೇಷನ್ ಮಾಡಲಾಗಿತ್ತು. ಜೀವಕ್ಕೆ ತಕ್ಷಣದ ಅಪಾಯ ಇರಲಿಲ್ಲ. ಆ ಒಪ್ಪಿಗೆ ಸಲ್ಲದು ಅಂತ ತೀರ್ಪಾಯಿತು. ಬುದ್ಧಿ ಸ್ಥಿಮಿತದಲ್ಲಿರುವ ವಯಸ್ಕರ ಒಪ್ಪಿಗೆಯನ್ನು ಅವರೇ ಕೊಡಬೇಕು. ವಯಸ್ಸು 83 ಆಯಿತು ಅಂತ ಆ ಹಕ್ಕು ಮಗನಿಗೆ ಬರುವುದಿಲ್ಲ.

ಹೇಗೆ ಕೇಳಬೇಕು? ಮೊದಲು ಕನ್ನಡಕ ಹಾಕಿ. ಕಿವಿಯ ಮೆಷಿನ್ ಹಾಕಿ. ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಅವರ ಮುಖದ ಎತ್ತರಕ್ಕೆ ಕೂರಿ. "ಆಪರೇಷನ್ ಬೇಕಾ ಬೇಡ್ವಾ?" ಅಂತ ನೇರವಾಗಿ ಶುರು ಮಾಡಬೇಡಿ. ಅದಕ್ಕೆ "ನೀವು ಹೇಗೆ ಹೇಳ್ತೀರೋ ಹಾಗೆ" ಅನ್ನುವ ಉತ್ತರ ಬರುತ್ತದೆ. ಹೀಗೆ ಕೇಳಿ:

"ಅಮ್ಮಾ, ನಿಮಗೆ ಏನಾಗಿದೆ ಅಂತ ಡಾಕ್ಟ್ರು ಹೇಳಿದ್ರು?"
"ದಿನಾ ಯಾವ ಕೆಲಸ ಮಾಡೋಕೆ ಆಗದಿದ್ರೆ ನಿಮಗೆ ತುಂಬ ಬೇಜಾರಾಗುತ್ತೆ?"
"ನಿಮಗೆ ಯಾವುದರ ಹೆದರಿಕೆ ಜಾಸ್ತಿ?"
"ಇನ್ನಷ್ಟು ದಿನ ಬದುಕೋಕೆ ಎಷ್ಟು ಕಷ್ಟ ಪಡೋಕೆ ತಯಾರಿದ್ದೀರಿ? ಯಾವುದು ಬೇಡವೇ ಬೇಡ?"

ನಮ್ಮ ಹಿರಿಯರು ಇದಕ್ಕೆ ಉತ್ತರ ಇಟ್ಟುಕೊಂಡೇ ಇರುತ್ತಾರೆ. "ಅನಾಯಾಸೇನ ಮರಣಂ, ವಿನಾ ದೈನ್ಯೇನ ಜೀವನಂ" ಅಂತ ದೇವರ ಮುಂದೆ ಎಷ್ಟು ಜನ ಕೇಳಿಕೊಳ್ಳುವುದಿಲ್ಲ! ನಾವು ಅದನ್ನು ಬರೀ ಶ್ಲೋಕ ಅಂದುಕೊಳ್ಳುತ್ತೇವೆ. ಅದು ಅವರ ಚಿಕಿತ್ಸೆಯ ಬಗೆಗಿನ ಮಾತೂ ಹೌದು.

ಒಂದು ಮಾತಿನ ಹತ್ತಿರ ಮಾತ್ರ ನಿಂತು ಯೋಚಿಸಿ. "ಯಾರಿಗೂ ಭಾರ ಆಗಬಾರದು." ಇದನ್ನು ಕೇಳಿದ ತಕ್ಷಣ ಚಿಕಿತ್ಸೆ ಬೇಡ ಅನ್ನುತ್ತಿದ್ದಾರೆ ಅಂತ ತಿಳಿಯಬೇಡಿ. ಕೆಲವರಿಗೆ ಅದರ ಅರ್ಥ, ಇನ್ನೊಬ್ಬರ ಕೈಯಲ್ಲಿ ಬಟ್ಟೆ ಬದಲಾಯಿಸಿಕೊಳ್ಳುವ ಬದುಕು ಬೇಡ ಅಂತ. ಕೆಲವರಿಗೆ, ಮಗನ ಸಾಲ ಇನ್ನೂ ತೀರಿಲ್ಲ ಅಂತ. ಮೊದಲನೆಯದು ಅವರ ಇಷ್ಟ, ಅದನ್ನು ಗೌರವಿಸಬೇಕು. ಎರಡನೆಯದು ಚಿಂತೆ. ಅದಕ್ಕೆ ದಾರಿ ಇದ್ದರೂ ಇರಬಹುದು. "ಭಾರ ಅಂದ್ರೆ ಯಾವುದಮ್ಮ? ದುಡ್ಡಾ, ಕೆಲಸಾನಾ?" ಅಂತ ಮತ್ತೆ ಕೇಳಿ. ನಮ್ಮ ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಿತ್ತಲ ಬಾಗಿಲವರೆಗೆ ನಡೆಯೋ ಹಾಗಾದ್ರೆ ಸಾಕು. ಬಚ್ಚಲಿಗೆ ನಾನೇ ಹೋಗಿ ಬರಬೇಕು" ಅಂದರು. ಆ ಒಂದು ವಾಕ್ಯ ಆಮೇಲಿನ ಎಲ್ಲ ಮಾತಿಗೂ ಆಧಾರವಾಯಿತು.

ಮರೆವಿನ ಕಾಯಿಲೆ ಇದ್ದರೆ, ಪ್ರಜ್ಞೆ ಇಲ್ಲದಿದ್ದರೆ ನೀವು ಅವರ ಬಾಯಾಗಬೇಕು. ಅವರು ಈ ಹಾಸಿಗೆಯಲ್ಲಿ ತಮ್ಮನ್ನೇ ನೋಡಿದ್ದರೆ ಏನು ಅನ್ನುತ್ತಿದ್ದರು ಅಂತ ನೆನೆಸಿಕೊಳ್ಳಿ. ಪಕ್ಕದ ಮನೆಯವರು ವರ್ಷಗಟ್ಟಲೆ ಹಾಸಿಗೆ ಹಿಡಿದಾಗ ಏನು ಹೇಳಿದ್ದರು? ಅಂಥ ಹಳೆಯ ಮಾತುಗಳಲ್ಲಿ ಉತ್ತರ ಸಿಗುತ್ತದೆ.

ಮಕ್ಕಳಲ್ಲಿ ಒಬ್ಬರು ಡಾಕ್ಟರ ಜೊತೆ ಮಾತಾಡಲಿ. ಅಮೆರಿಕದಲ್ಲೋ ದುಬೈನಲ್ಲೋ ಇರುವವರನ್ನು ವಿಡಿಯೊ ಕಾಲ್‌ನಲ್ಲಿ ಅದೇ ಮಾತುಕತೆಗೆ ಸೇರಿಸಿ. ದೂರ ಇರುವವರು "ಏನೇ ಆಗಲಿ ಎಲ್ಲಾ ಮಾಡಿಸಿ" ಅನ್ನುವುದು ಹೆಚ್ಚಾಗಿ ಅಲ್ಲಿ ಕೂತು ಪಡುವ ಸಂಕಟದಿಂದ. ಅಮ್ಮನ ಬಾಯಿಂದಲೇ ಅಮ್ಮನ ಮಾತು ಕೇಳಿದರೆ ಅವರಿಗೂ ಸಮಾಧಾನ, ಇಲ್ಲಿರುವವರಿಗೂ ಜಗಳ ತಪ್ಪುತ್ತದೆ.

ಹೆಜ್ಜೆ 4: ಡಾಕ್ಟರ ಹತ್ತಿರ ಚಿತ್ರ ಬರೆಸಿಕೊಳ್ಳಿ

"ಚಾನ್ಸ್ ಎಷ್ಟು ಡಾಕ್ಟ್ರೇ?" ಅಂತ ನಾವೆಲ್ಲ ಕೇಳುತ್ತೇವೆ. "80 ಪರ್ಸೆಂಟ್" ಅನ್ನುತ್ತಾರೆ. ಯಾವುದರ 80? ಮೂಳೆ ಕೂಡುವುದರದಾ, ಜೀವ ಉಳಿಯುವುದರದಾ, ಮೊದಲಿನಂತೆ ನಡೆಯುವುದರದಾ? ಆಪರೇಷನ್ ಸಕ್ಸಸ್ ಆಗಿಯೂ ಅಮ್ಮ ಮತ್ತೆ ಎದ್ದು ನಡೆಯದೆ ಇರಬಹುದು.

ಇದಕ್ಕೆ ಒಂದು ಒಳ್ಳೆಯ ದಾರಿಯನ್ನು ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸರ್ಜನ್ ಗ್ರೆಚನ್ ಶ್ವಾರ್ಜ್ ಮತ್ತು ಅವರ ತಂಡ ಕಂಡುಕೊಂಡಿದೆ. ವಯಸ್ಸಾದವರಿಗೆ ದೊಡ್ಡ ಆಪರೇಷನ್ ಬಂದಾಗಲೇ ಬಳಸಲು ಮಾಡಿದ್ದು. ಬೇಕಿರುವುದು ಒಂದು ಪೆನ್ನು, ಒಂದು ಹಾಳೆ. ಎರಡು ಉದ್ದ ಗೆರೆ ಎಳೆಯಿರಿ. ಒಂದು ಆಪರೇಷನ್ ಮಾಡಿಸಿದರೆ, ಇನ್ನೊಂದು ಮಾಡಿಸದಿದ್ದರೆ. ಪ್ರತಿ ಗೆರೆಯ ಮೇಲ್ತುದಿಯಲ್ಲಿ ನಕ್ಷತ್ರ: ಎಲ್ಲ ಚೆನ್ನಾಗಿ ಆದರೆ ಏನು. ಕೆಳತುದಿಯಲ್ಲಿ ಚೌಕ: ಎಲ್ಲ ಕೆಟ್ಟರೆ ಏನು. ನಡುವೆ ಎಲ್ಲೋ ಒಂದು ಕಡೆ ಸೊನ್ನೆ: ಈ ಅಮ್ಮನಿಗೆ ಹೆಚ್ಚಾಗಿ ಏನಾಗಬಹುದು. ಒಂದೊಂದರ ಪಕ್ಕ ಡಾಕ್ಟರು ಅಂಕಿ ಬರೆಯುವುದಿಲ್ಲ, ಕಥೆ ಹೇಳುತ್ತಾರೆ.

ನಮ್ಮ ಡಾಕ್ಟರಿಗೆ ಇದು ಗೊತ್ತಿರಲಿಲ್ಲ. ನಾನೇ ಗೆರೆ ಎಳೆದು ಹಾಳೆ ಮುಂದಿಟ್ಟೆ. ಅವರು ಕುರ್ಚಿ ಎಳೆದುಕೊಂಡು ಕೂತರು, ಅಮ್ಮನ ಕಡೆ ತಿರುಗಿ ಹೇಳಿದರು.

ಆಪರೇಷನ್ ಮಾಡಿದರೆ, ನಕ್ಷತ್ರ: ಮರುದಿನವೇ ಎಬ್ಬಿಸಿ ನಿಲ್ಲಿಸುತ್ತೇವೆ. ವಾರದಲ್ಲಿ ಮನೆ. ಮೂರು ತಿಂಗಳಲ್ಲಿ ಕೋಲು ಹಿಡಿದು ನಡೆಯಬಹುದು. ಚೌಕ: ಹೃದಯ ಅಥವಾ ಶ್ವಾಸಕೋಶ ತಡೆಯದೆ ಐಸಿಯು, ವೆಂಟಿಲೇಟರ್, ಅಲ್ಲಿಂದ ಬರದೇ ಇರಬಹುದು. ಸೊನ್ನೆ: ಎರಡು ಮೂರು ದಿನ ತಲೆ ಗೊಂದಲವಾಗಬಹುದು, ಬೇರೆ ಏನೇನೋ ಮಾತಾಡಬಹುದು. ಆರು ತಿಂಗಳು ಕಷ್ಟ. ಕೊನೆಗೆ ಮನೆಯೊಳಗೆ ವಾಕರ್‌ನಲ್ಲಿ ನಡೆಯುತ್ತಾರೆ. ಒಬ್ಬರೇ ಬೀದಿಗೆ ಹೋಗುವುದು ಅನುಮಾನ.

ಮಾಡದಿದ್ದರೆ, ನಕ್ಷತ್ರ: ನೋವು ಔಷಧಿಯಲ್ಲಿ ಹಿಡಿತಕ್ಕೆ ಬರುತ್ತದೆ, ಮನೆಯಲ್ಲಿ ಎಲ್ಲರ ಜೊತೆ ಇರುತ್ತಾರೆ, ಆದರೆ ಹಾಸಿಗೆಯಲ್ಲೇ. ಚೌಕ: ಪಕ್ಕಕ್ಕೆ ಹೊರಳಿಸಿದಾಗಲೆಲ್ಲ ನೋವು, ಬೆನ್ನಲ್ಲಿ ಹುಣ್ಣು, ನ್ಯುಮೋನಿಯಾ. ಸೊನ್ನೆ ಚೌಕದ ಹತ್ತಿರವೇ ಬಿತ್ತು. ಸೊಂಟದ ಮುರಿತದಲ್ಲಿ ನೋವು ತಡೆಯಲಿಕ್ಕೇ ಆಪರೇಷನ್ ಮಾಡುವುದೂ ಉಂಟು ಅಂತ ಆಗಲೇ ನನಗೆ ಗೊತ್ತಾಗಿದ್ದು.

ಅಂಕಿ ಬೇಕು ಅನ್ನುವವರಿಗೆ: ಹೊರದೇಶಗಳ ಅಧ್ಯಯನಗಳಲ್ಲಿ ಸೊಂಟ ಮುರಿದ ಹಿರಿಯರಲ್ಲಿ ನೂರಕ್ಕೆ 20ರಿಂದ 30 ಜನ ಒಂದು ವರ್ಷದೊಳಗೆ ತೀರಿಕೊಂಡಿದ್ದಾರೆ. ಉಳಿದವರಲ್ಲಿ ಹೆಚ್ಚುಕಡಿಮೆ ಅರ್ಧ ಜನ ಮಾತ್ರ ಮೊದಲಿನಷ್ಟು ನಡೆಯುತ್ತಾರೆ. ಇದು ಹೆದರಿಸಲು ಅಲ್ಲ. ಇದನ್ನು ಮೊದಲೇ ತಿಳಿದವರು ಮನೆಯಲ್ಲಿ ಬಚ್ಚಲಿಗೆ ಹಿಡಿಕೆ, ಎತ್ತರದ ಕಮೋಡ್, ಫಿಸಿಯೋಥೆರಪಿಗೆ ಜನ, ಎಲ್ಲ ತಯಾರಿ ಮಾಡಿಕೊಳ್ಳುತ್ತಾರೆ.

"ನಿಮ್ಮ ತಾಯಿ ಆಗಿದ್ರೆ ಏನು ಮಾಡ್ತಿದ್ರಿ?" ಅನ್ನುವ ಪ್ರಶ್ನೆ ಕೇಳಿ, ತಪ್ಪಿಲ್ಲ. ಆದರೆ ಅಮ್ಮನ ಹಿತ್ತಲ ಬಾಗಿಲ ಮಾತು ಹೇಳಿದ ಮೇಲೆ ಕೇಳಿ. ಇಲ್ಲದಿದ್ದರೆ ಅವರು ತಮ್ಮ ತಾಯಿಯ ಇಷ್ಟ ಹೇಳುತ್ತಾರೆ. ಇನ್ನೊಬ್ಬ ವೈದ್ಯರ ಅಭಿಪ್ರಾಯ ಬೇಕಾದರೆ ರಿಪೋರ್ಟುಗಳ ಪ್ರತಿ ಕೇಳಿ ಪಡೆಯಿರಿ. ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು ಅಂತ ವೈದ್ಯಕೀಯ ಮಂಡಳಿಯ 2002ರ ನಿಯಮವೇ ಇದೆ.

ದುಡ್ಡಿನ ಮಾತನ್ನೂ ಇಲ್ಲೇ ಆಡಿ. ನಾಚಿಕೆ ಬೇಡ. ಐಸಿಯು ದಿನಕ್ಕೆ ಎಷ್ಟು ಅಂತ ಬರಹದಲ್ಲಿ ಕೇಳಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಅನ್ನುವ ಸರ್ಕಾರಿ ಯೋಜನೆಯಲ್ಲಿ ಒಂದು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವು ಇದೆ. ಈ ಯೋಜನೆಗೆ ಸಹಾಯ ಮಾಡಲು ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರನ್ನು ಮೊದಲ ದಿನವೇ ಕಾಣಿ.

ಹೆಜ್ಜೆ 5: ಸಹಿ ಹಾಕುವ ಮೊದಲು, ಕೆಟ್ಟರೆ ಏನು ಅಂತ ಒಪ್ಪಿಕೊಳ್ಳಿ

ಸರ್ಜನ್ ಮತ್ತು ಅರಿವಳಿಕೆ ಡಾಕ್ಟರು ಇಬ್ಬರನ್ನೂ ಕೇಳಿ: "ಆಪರೇಷನ್ ಆದ ಮೇಲೆ ಉಸಿರಾಟ ಕಷ್ಟವಾದರೆ ಏನು ಮಾಡುತ್ತೀರಿ? ಎಷ್ಟು ದಿನ?" ಅಮ್ಮ ಹೇಳಿದ್ದು: "ಎರಡು ಮೂರು ದಿನ ಮೆಷಿನ್ ಹಾಕಿ. ಎದ್ದು ಬರೋ ಹಾಗಿದ್ರೆ ಸರಿ. ಇಲ್ಲಾಂದ್ರೆ ನಿಮ್ಮಪ್ಪನ ತರ ಮಾಡಬೇಡಿ." ಅದನ್ನು ಡಾಕ್ಟರು ಫೈಲಿನಲ್ಲಿ ಬರೆದರು. ಬರೆಸುವುದು ಮುಖ್ಯ. ರಾತ್ರಿ ಎರಡು ಗಂಟೆಗೆ ಬರುವ ಡ್ಯೂಟಿ ಡಾಕ್ಟರಿಗೆ ನಿಮ್ಮ ಮಾತು ಗೊತ್ತಿರುವುದಿಲ್ಲ, ಫೈಲ್ ಮಾತ್ರ ಕಾಣುತ್ತದೆ.

ಎದೆ ಒತ್ತಿ ಹೃದಯ ಮತ್ತೆ ಶುರು ಮಾಡುವುದರ ಬಗ್ಗೆಯೂ ಕೇಳಿ. ತುಂಬ ಸೊರಗಿದ ದೇಹದಲ್ಲಿ ಅದರಿಂದ ಪಕ್ಕೆಲುಬು ಮುರಿಯಬಹುದು, ಫಲ ಕಡಿಮೆ. ಅದು ಬೇಡ ಅನ್ನುವ ತೀರ್ಮಾನವನ್ನು ಹೇಗೆ ಮಾಡಬೇಕು, ಹೇಗೆ ದಾಖಲಿಸಬೇಕು ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲೇ ಮಾರ್ಗಸೂಚಿ ಕೊಟ್ಟಿದೆ. ಅದು ಬೇಡ ಅಂದರೆ ಬೇರೆ ಚಿಕಿತ್ಸೆಯೆಲ್ಲ ನಿಲ್ಲುತ್ತದೆ ಅಂತಲ್ಲ.

ಹೆಜ್ಜೆ 6: ಐಸಿಯು ಆದರೆ ಗಡುವು ಇಟ್ಟುಕೊಳ್ಳಿ

ಅಪ್ಪನ ವಿಷಯದಲ್ಲಿ ನಾವು ಎಡವಿದ್ದು ಇಲ್ಲಿ. ಒಂದೊಂದು ಚಿಕಿತ್ಸೆಯೂ ಸಣ್ಣದಾಗಿಯೇ ಕಾಣುತ್ತಿತ್ತು. ಬಿಪಿ ಏರಿಸುವ ಇಂಜೆಕ್ಷನ್. ಆಮೇಲೆ ವೆಂಟಿಲೇಟರ್. ಕಿಡ್ನಿ ಸುಸ್ತಾಗಿದೆ, ಡಯಾಲಿಸಿಸ್. ಮೂಗಿನಲ್ಲಿ ಊಟದ ನಳಿಗೆ. ಉಸಿರಾಟದ ನಳಿಗೆ ಹಾಕಲು ಗಂಟಲಲ್ಲಿ ತೂತು ಮಾಡೋಣವಾ ಅಂತ ಕೇಳಿದ ದಿನ ನಾವೆಲ್ಲಿಗೆ ಬಂದಿದ್ದೇವೆ ಅಂತ ಗೊತ್ತಾಯಿತು. ಯಾವ ದಿನವೂ ಒಂದು ಕಡೆ ನಿಂತು, "ಇದೆಲ್ಲ ಎಲ್ಲಿಗೆ ಹೋಗ್ತಿದೆ?" ಅಂತ ಕೇಳಿರಲಿಲ್ಲ.

ಗಡುವು ಇಡುವುದು ಅಂದರೆ ಹೀಗೆ. ಮೊದಲ ದಿನವೇ ಐಸಿಯು ಡಾಕ್ಟರ ಜೊತೆ ಒಪ್ಪಿಕೊಳ್ಳಿ: ಪೂರ್ತಿ ಚಿಕಿತ್ಸೆ ಕೊಡಿ, ಏನೂ ಕಡಿಮೆ ಮಾಡಬೇಡಿ. ಮೂರು ಅಥವಾ ಐದು ದಿನ ಆದ ಮೇಲೆ ಕೂರೋಣ. ಆ ದಿನ ಯಾವ ಗುರುತು ನೋಡಬೇಕು ಅಂತ ಈಗಲೇ ಹೇಳಿ. ಮೆಷಿನ್‌ನಿಂದ ಕೊಡುವ ಆಕ್ಸಿಜನ್ ಎಷ್ಟು ಇಳಿದಿರಬೇಕು? ಬಿಪಿಯ ಔಷಧಿ ನಿಂತಿರಬೇಕಾ? ಕರೆದರೆ ಕಣ್ಣು ಬಿಡಬೇಕಾ? ಗುರುತು ಕಂಡರೆ ಮುಂದಕ್ಕೆ. ಕಾಣದಿದ್ದರೆ ಅಮ್ಮನ ಮಾತಿನ ಕಡೆಗೆ ತಿರುಗೋಣ. ಎಷ್ಟು ದಿನ ಅನ್ನುವುದನ್ನು ಕಾಯಿಲೆ ನೋಡಿ ಡಾಕ್ಟರೇ ಹೇಳಬೇಕು, ಎಲ್ಲರಿಗೂ ಒಂದೇ ಅಲ್ಲ. ಸಾಮಾನ್ಯವಾಗಿ ಒಂದೆರಡು ವಾರದ ಹೊತ್ತಿಗೆ ಗಂಟಲಿನ ತೂತಿನ ಪ್ರಶ್ನೆ ಬರುತ್ತದೆ. ಅದು ಬರುವ ಮೊದಲೇ ಒಂದು ಸಲ ಕೂತಿರಬೇಕು.

ಭೇಟಿಯ ಹೊತ್ತಿನಲ್ಲಿ ನಿಮ್ಮ ಕೆಲಸವೂ ಇದೆ. ಹೆಸರು ಹಿಡಿದು ಕರೆಯಿರಿ. ಇವತ್ತು ಯಾವ ದಿನ, ಹೊರಗೆ ಮಳೆಯಾ ಬಿಸಿಲಾ ಹೇಳಿ. ಕನ್ನಡಕ, ಕಿವಿ ಮೆಷಿನ್ ಕೊಡಿಸಿ. ಐಸಿಯುನಲ್ಲಿ ವಯಸ್ಸಾದವರಿಗೆ ಗೊಂದಲ ತುಂಬ ಸಾಮಾನ್ಯ. ಗುರುತಿನ ದನಿಯಿಂದ ಅದು ತಗ್ಗಬಹುದು.

ಹೆಜ್ಜೆ 7: ಮೆಷಿನ್ ಸಾಕು ಅನ್ನಿಸಿದಾಗ

"ಇನ್ನು ಮನೆಗೆ ಕರ್ಕೊಂಡು ಹೋಗಿ" ಅನ್ನುವ ಮಾತು ಬಂದರೆ, ಅಥವಾ ನಿಮಗೇ ಸಾಕು ಅನ್ನಿಸಿದರೆ, ವೈದ್ಯರ ಸಲಹೆಗೆ ವಿರುದ್ಧವಾಗಿ ಹೋಗುತ್ತಿದ್ದೇವೆ ಅನ್ನುವ ಹಾಳೆಗೆ ಸುಮ್ನೆ ಸಹಿ ಹಾಕಿ ಹೊರಡಬೇಡಿ. ಹಾಗೆ ಹೊರಟವರು ಎಷ್ಟೋ ಸಲ ನೋವಿಗೆ, ಉಬ್ಬಸಕ್ಕೆ ಒಂದು ಔಷಧಿಯೂ ಇಲ್ಲದೆ ಮನೆ ಸೇರುತ್ತಾರೆ. "ಉಪಶಾಮಕ ಆರೈಕೆಯ ಡಾಕ್ಟರನ್ನು ಕರೆಸಿ" ಅಂತ ಕೇಳಿ. ಕಾಯಿಲೆ ವಾಸಿಯಾಗದಿದ್ದರೂ ನೋವು, ಸಂಕಟ ಕಡಿಮೆ ಮಾಡುವವರು ಇವರು. ಮಾರ್ಫಿನ್ ಸೇರಿದಂತೆ ಔಷಧಿ ಏನು, ಎಷ್ಟು, ರಾತ್ರಿ ಯಾರಿಗೆ ಫೋನ್ ಮಾಡಬೇಕು, ಎಲ್ಲ ಬರೆಸಿಕೊಳ್ಳಿ. ಕ್ಯಾನ್ಸರ್ ಕೊನೆಯ ಹಂತದಲ್ಲಿದ್ದರೆ ಬೆಂಗಳೂರಿನ ಕರುಣಾಶ್ರಯ ಅನ್ನುವ ಆರೈಕೆ ಕೇಂದ್ರ 1999ರಿಂದ ಉಚಿತವಾಗಿ ನೋಡಿಕೊಳ್ಳುತ್ತಿದೆ.

ಆಸ್ಪತ್ರೆಯಲ್ಲೇ ಮೆಷಿನ್ ತೆಗೆಯಲು ಕಾನೂನಿನ ದಾರಿ ಇದೆ. 2018ರ ಮಾರ್ಚ್ 9ರಂದು ಸುಪ್ರೀಂ ಕೋರ್ಟಿನ ಐದು ನ್ಯಾಯಮೂರ್ತಿಗಳ ಪೀಠ ಘನತೆಯ ಸಾವೂ ಬದುಕಿನ ಹಕ್ಕಿನ ಭಾಗ ಅಂದಿತು. 2023ರ ಜನವರಿಯಲ್ಲಿ ಕ್ರಮವನ್ನು ಸರಳ ಮಾಡಿತು. ನೋಡುತ್ತಿರುವ ವೈದ್ಯರು ಮತ್ತು ಐದು ವರ್ಷ ಅನುಭವವಿರುವ ಇಬ್ಬರು ತಜ್ಞರು ಒಂದು ಮಂಡಳಿ. ಅವರು ಒಪ್ಪಿದರೆ ಎರಡನೆಯ ಮಂಡಳಿ ನೋಡುತ್ತದೆ, ಅದರಲ್ಲಿ ಜಿಲ್ಲೆಯ ಆರೋಗ್ಯಾಧಿಕಾರಿ ಸೂಚಿಸಿದ ಒಬ್ಬ ವೈದ್ಯರು ಇರಬೇಕು. ಒಂದೊಂದೂ ಸಾಧ್ಯವಾದಷ್ಟು 48 ಗಂಟೆಯಲ್ಲಿ ಹೇಳಬೇಕು. ಮನೆಯವರ ಒಪ್ಪಿಗೆ ಬೇಕು. ಮ್ಯಾಜಿಸ್ಟ್ರೇಟರಿಗೆ ಆಸ್ಪತ್ರೆಯೇ ತಿಳಿಸುತ್ತದೆ. ಕರ್ನಾಟಕ ಸರ್ಕಾರ 2025ರ ಜನವರಿ 30ರಂದು ಇದನ್ನು ಜಾರಿಗೆ ತರುವ ಆದೇಶ ಹೊರಡಿಸಿದೆ. ಡಾಕ್ಟರಿಗೆ ಗೊತ್ತಿಲ್ಲದಿದ್ದರೆ ಈ ತಾರೀಖು ಹೇಳಿ.

ಹೆಜ್ಜೆ 8: ಎಲ್ಲ ಚೆನ್ನಾಗಿರುವಾಗ ಬರೆದಿಡಿ

ಅಮ್ಮನಿಗೆ ಆಪರೇಷನ್ ಆಯಿತು. ಮೂರು ರಾತ್ರಿ ಅವರಿಗೆ ನಾನು ಯಾರು ಅಂತ ಗೊತ್ತಾಗಲಿಲ್ಲ, ತಮ್ಮ ತವರಿನಲ್ಲಿದ್ದೇನೆ ಅಂದುಕೊಂಡಿದ್ದರು. ನಾಲ್ಕನೆಯ ದಿನ ಸರಿಹೋಯಿತು. ಐದು ತಿಂಗಳಿಗೆ ವಾಕರ್ ಹಿಡಿದು ಹಿತ್ತಲ ಬಾಗಿಲು ಮುಟ್ಟಿದರು. ದೇವಸ್ಥಾನಕ್ಕೆ ಒಬ್ಬರೇ ಹೋಗುವುದು ಮತ್ತೆ ಆಗಲೇ ಇಲ್ಲ. ಡಾಕ್ಟರು ಹಾಳೆಯಲ್ಲಿ ಸೊನ್ನೆ ಹಾಕಿದ್ದ ಜಾಗ ಹೆಚ್ಚುಕಡಿಮೆ ಸರಿಯಾಗಿತ್ತು.

ಆ ವರ್ಷವೇ ಅಮ್ಮ ತಮ್ಮ ಮುಂಗಡ ವೈದ್ಯಕೀಯ ನಿರ್ದೇಶನ ಬರೆಸಿದರು. ಲಿವಿಂಗ್ ವಿಲ್ ಅಂತ ಜನ ಕರೆಯುವುದು ಇದನ್ನೇ. 18 ದಾಟಿದ, ಬುದ್ಧಿ ಸ್ಥಿಮಿತದಲ್ಲಿರುವ ಯಾರೂ ಬರೆಯಬಹುದು. ಯಾವ ಚಿಕಿತ್ಸೆ ಯಾವ ಸ್ಥಿತಿಯಲ್ಲಿ ಬೇಡ ಅಂತ ಸ್ಪಷ್ಟವಾಗಿ ಇರಬೇಕು. ತಮಗೆ ಹೇಳಲು ಆಗದಾಗ ಯಾರು ಮಾತಾಡಬೇಕು ಅಂತ ಹೆಸರು ಬರೆಯಬೇಕು. ಒಬ್ಬರಿಗಿಂತ ಜಾಸ್ತಿ ಹೆಸರು ಹಾಕಬಹುದು, ಹಾಕುವುದೇ ಒಳ್ಳೆಯದು. ಇಬ್ಬರು ಸಾಕ್ಷಿಗಳ ಮುಂದೆ ಸಹಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ. ಮೊದಲಿನ ಹಾಗೆ ಮ್ಯಾಜಿಸ್ಟ್ರೇಟರ ಹತ್ತಿರ ಹೋಗಬೇಕಿಲ್ಲ. ಮನಸ್ಸು ಬದಲಾದರೆ ಯಾವಾಗ ಬೇಕಾದರೂ ಬರೆದು ವಾಪಸ್ ತೆಗೆದುಕೊಳ್ಳಬಹುದು. ಒಂದು ಪ್ರತಿ ಮನೆಯ ವೈದ್ಯರಿಗೆ, ಒಂದೊಂದು ಹೆಸರು ಹಾಕಿದವರಿಗೆ, ಒಂದು ನಿಮ್ಮ ಪಾಲಿಕೆ ಅಥವಾ ಪಂಚಾಯಿತಿಗೆ. ಫೋಟೊ ತೆಗೆದು ಮಕ್ಕಳೆಲ್ಲರ ಫೋನಿಗೆ ಕಳಿಸಿ.

ಮೂಲ ಪ್ರತಿಯನ್ನು ಬೀರುವಿನ ಲಾಕರ್‌ನಲ್ಲಿ ಇಡಬೇಡಿ. ಅಮ್ಮ ಅದನ್ನು ಮಾತ್ರೆ ಡಬ್ಬಿಯ ಕೆಳಗೆ, ರೇಷನ್ ಕಾರ್ಡು, ಆಧಾರ್ ಇರುವ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟಿದ್ದಾರೆ. ಆಸ್ಪತ್ರೆಗೆ ಓಡುವಾಗ ಕೈಗೆ ಮೊದಲು ಸಿಗುವುದು ಆ ಕವರೇ ಅಂತ ಅವರ ಲೆಕ್ಕ.